ಮೇಲಿನ ಅರ್ಧ

ಕರಡಿಮೊಟ್ಟೆ ಗ್ರಾಮ ಪಂಚಾಯಿತಿಯ ಬಿಲ್ ಕಲೆಕ್ಟರ್ ಶಿವಶಂಕರಪ್ಪನವರ ಬಾಯಿಂದ ಇಪ್ಪತ್ತೆರಡು ವರ್ಷಗಳ ನೌಕರಿಯಲ್ಲಿ ಎಲ್ಲ ಮಾತೂ ಹೊರಬಿದ್ದಿದ್ದವು, ಒಂದನ್ನು ಬಿಟ್ಟು. ಅದು ‘ನನಗೆ ಗೊತ್ತಿಲ್ಲ’ ಅನ್ನುವ ಮಾತು. ಸಿದ್ದಾಪುರದ ಬಸ್ಸು ಎಷ್ಟಕ್ಕೆ ಎಂದು ಕೇಳಿದರೆ ತಡವರಿಸದೆ ಹೇಳುತ್ತಿದ್ದರು. ಬಸ್ಸು ಆ ಹೊತ್ತಿಗೆ ಬಾರದೆ ಹೋದರೆ ಅದು ಬಸ್ಸಿನ ತಪ್ಪು. ಹಸು ಮೇವು ಮುಟ್ಟುತ್ತಿಲ್ಲ ಎಂದರೆ ಅದಕ್ಕೂ ಮದ್ದು ಹೇಳುತ್ತಿದ್ದರು. ಒಮ್ಮೆ ಮೂರ್ನಾಡಿನ ಕಡೆಗೆ ಹೊರಟಿದ್ದ ದಿಬ್ಬಣದ ವ್ಯಾನಿಗೆ ದಾರಿ ತೋರಿಸಿ, ಅಷ್ಟೂ ಜನರನ್ನು ಬೇರೆ ಯಾರದೋ ಮದುವೆಗೆ ಕಳಿಸಿದ್ದರು. ಪಾಪ, ಅವರು ಊಟ ಮುಗಿಸಿ, ಫೋಟೋಗೆ ನಿಂತಾಗಲೇ ಮದುಮಗಳ ಮುಖ ನೋಡಿ ಅನುಮಾನಪಟ್ಟರಂತೆ.

ಇಷ್ಟೆಲ್ಲ ತಿಳಿದವರಿಗೆ ಕಚೇರಿಯಲ್ಲಿ ಒಂದು ಮೇಜಿರಲಿಲ್ಲ. ಬಿಲ್ ಕಲೆಕ್ಟರ್ ಅಂದರೆ ಮನೆಮನೆ ತಿರುಗುವವನು, ಅವನಿಗೇಕೆ ಮೇಜು ಎಂದು ಸರ್ಕಾರದ ಅಭಿಪ್ರಾಯ. ಇಪ್ಪತ್ತೆರಡು ವರ್ಷ ಅವರು ಕಿಟಕಿಯ ಕಟ್ಟೆಯ ಮೇಲೆ ಕಾಗದ ಇಟ್ಟು, ಅರ್ಧ ಬಗ್ಗಿ ನಿಂತು ಬರೆದಿದ್ದರು. ಈಗ ಬಡ್ತಿಯ ಪಟ್ಟಿಯಲ್ಲಿ ಅವರ ಹೆಸರು ಬಂದಿತ್ತು. ಗ್ರೇಡ್ ಟು ಕಾರ್ಯದರ್ಶಿ ಆದರೆ ಮೇಜು ಗ್ಯಾರಂಟಿ, ಅದಕ್ಕೆ ಬೀಗ ಹಾಕುವ ಡ್ರಾಯರ್ ಕೂಡ ಉಂಟು. ನಿವೃತ್ತಿಗೆ ಇನ್ನು ಎರಡೇ ವರ್ಷ. ಈ ಸಲ ತಪ್ಪಿದರೆ ಕಿಟಕಿ ಕಟ್ಟೆಯಿಂದಲೇ ಮನೆಗೆ. ಕೊಡ್ಲಿಪೇಟೆ ಕಡೆಯ ಅವರ ಹೆಂಡತಿ ಕಾಂತಮ್ಮ ಆಗಲೇ ಎರಡು ನವಿಲಿರುವ ಮೇಜುಬಟ್ಟೆ ಕಸೂತಿ ಹಾಕಿ ಮುಗಿಸಿದ್ದರು. ಭಾನುವಾರ ಭಾನುವಾರ ಅದನ್ನು ಕೊಡವಿ, ಮತ್ತೆ ಮಡಚಿ, ಗಂಡನ ಮುಖವನ್ನೊಮ್ಮೆ ನೋಡಿ ಪೆಟ್ಟಿಗೆಗೆ ಹಾಕುತ್ತಿದ್ದರು.

ಆ ಅಕ್ಟೋಬರ್‌ನಲ್ಲಿ ತಾಲೂಕಿನಿಂದ ಒಂದು ಸುತ್ತೋಲೆ ಬಂತು. ಎಲ್ಲೋ ಯಾವುದೋ ಊರಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರ ಹಬ್ಬದ ತೋರಣದ ಮೇಲೆ ಇನ್ನೊಬ್ಬರ ಹಬ್ಬದ ಬಾವುಟ ಕಟ್ಟಿ ಜಗಳವಾಗಿತ್ತು. ಆದ್ದರಿಂದ ಸಾರ್ವಜನಿಕ ಆಸ್ತಿಯ ಮೇಲೆ ಯಾವುದೇ ಧರ್ಮದ ಹಬ್ಬದ ಅಲಂಕಾರ ಇರಕೂಡದು, ಇದ್ದರೆ ತೆಗೆಯತಕ್ಕದ್ದು, ತೆಗೆದು ಹದಿನೇಳನೇ ತಾರೀಕು ಸಂಜೆಯೊಳಗೆ ‘ಏನೂ ಇಲ್ಲ’ ಎಂದು ವರದಿ ಕಳಿಸತಕ್ಕದ್ದು. ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ದಿವ್ಯಶ್ರೀ ಮೇಡಂ ಈ ಊರಿಗೆ ಬಂದು ಮೂರೇ ತಿಂಗಳು. ಜಗಳವಿಲ್ಲದೆ ಈ ಕೆಲಸ ಮುಗಿಸಿಕೊಡಿ, ನಿಮ್ಮ ಬಡ್ತಿ ಕಡತಕ್ಕೆ ನಾನೇ ಶಿಫಾರಸು ಬರೆಯುತ್ತೇನೆ ಎಂದರು. ಅದೇ ಲಕೋಟೆಯಲ್ಲಿ ರಸ್ತೆ ಇಲಾಖೆಯ ಇನ್ನೊಂದು ಕಾಗದವೂ ಇತ್ತು. ಅದರ ವಿಷಯ ಗೊತ್ತಲ್ಲ ಎಂದು ಮೇಡಂ ಕೇಳಿದರು. ಗೊತ್ತು ಎಂದರು ಶಿವಶಂಕರಪ್ಪ. ಅದನ್ನು ಅವರು ಬಿಚ್ಚಿಯೂ ನೋಡಿರಲಿಲ್ಲ.

ಮೊದಲ ಎರಡು ದಿನ ಕೆಲಸ ಹೂ ಎತ್ತಿದ ಹಾಗೆ ನಡೆಯಿತು. ಬಸ್ ತಂಗುದಾಣದಲ್ಲಿ ಗಣಪತಿಯ ಬಣ್ಣದ ದೀಪದ ಸರ, ಈದ್ ಮಿಲಾದ್‌ನ ಹಸಿರು ಕಾಗದದ ಮಾಲೆ, ಇಗರ್ಜಿ ಹಬ್ಬದ ನಕ್ಷತ್ರ, ಆಯುಧ ಪೂಜೆಯ ಬಾಳೆಕಂದು ಎಲ್ಲ ಒಂದರ ಪಕ್ಕ ಒಂದು ಒಣಗುತ್ತಿದ್ದವು. ಶಿವಶಂಕರಪ್ಪ ಎಲ್ಲವನ್ನೂ ಒಂದೇ ಏಣಿಯಲ್ಲಿ ಹತ್ತಿ ಬಿಚ್ಚಿ, ಸುತ್ತಿ, ಅವರವರ ಮನೆಗೇ ತಲುಪಿಸಿದರು. ಯಾರೂ ಮುಖ ಸಿಂಡರಿಸಲಿಲ್ಲ. ಹಬ್ಬ ಮುಗಿದ ಮೇಲೆ ಏಣಿ ಹತ್ತಲು ಬೇರೆಯವರು ಸಿಕ್ಕಿದರೆ ಯಾರಿಗೆ ಬೇಡ? ಮೂರು ಕಡೆ ಕಾಫಿಯೂ ಸಿಕ್ಕಿತು.

ಹದಿನೇಳನೇ ತಾರೀಕು ಕಾವೇರಿ ಸಂಕ್ರಮಣ. ಬೆಳಿಗ್ಗೆ ಕೊನೆಯ ಸುತ್ತಿಗೆಂದು ಹೊರಟ ಶಿವಶಂಕರಪ್ಪ ಬೋಜಮ್ಮನ ಗದ್ದೆಯ ತಿರುವಿನಲ್ಲಿ ಬ್ರೇಕು ಒತ್ತಿದವರು ಸ್ಕೂಟರಿನಿಂದ ಇಳಿಯುವುದನ್ನೇ ಮರೆತರು. ರಸ್ತೆಯ ಅಂಚಿನಲ್ಲಿ, ಸಾಕ್ಷಾತ್ ಸರ್ಕಾರಿ ಜಾಗದಲ್ಲಿ, ಸಾಲಾಗಿ ಹದಿನಾಲ್ಕು ಬೊತ್ತು ನಿಂತಿದ್ದವು. ಒಂದೊಂದರ ನೆತ್ತಿಯ ಮೇಲೂ ಬಾಳೆಲೆಯ ತುಂಡು, ಅದರ ಮೇಲೆ ಅಂಗೈಯಗಲದ ದೋಸೆ.

ಬೊತ್ತು ಅಂದರೆ ಒಂದು ಕೋಲು, ಅದರ ತಲೆಗೆ ಕಾಡುಬಳ್ಳಿಯ ಸಿಂಬಿ. ಸಂಕ್ರಮಣದ ಮುನ್ನಾದಿನ ಇಲ್ಲಿನವರು ಅದನ್ನು ಗದ್ದೆಗೆ, ಬಾವಿಯ ಬಳಿಗೆ, ಗೊಬ್ಬರದ ಗುಂಡಿಗೆ ನೆಡುತ್ತಾರೆ, ಬೆಳೆಗೆ ಕೆಟ್ಟದೃಷ್ಟಿ ತಾಗದಿರಲಿ ಎಂದು. ಮಾರನೆಯ ಬೆಳಿಗ್ಗೆ ಅದಕ್ಕೆ ದೋಸೆ ಇಡುವ ಮನೆಗಳೂ ಉಂಟು. ಶಿವಶಂಕರಪ್ಪ ಬೊತ್ತು ನೆಡದ ಉತ್ತರದ ಕಡೆಯವರಾದರೂ ಇಪ್ಪತ್ತೆರಡು ವರ್ಷ ಇದನ್ನೆಲ್ಲ ಗದ್ದೆಗಳಲ್ಲಿ ನೋಡಿದವರೇ. ಆದರೆ ರಸ್ತೆಗೆ ಬೊತ್ತು ಇಟ್ಟಿದ್ದನ್ನು ಅವರ ಅಪ್ಪನಾಣೆಗೂ ನೋಡಿರಲಿಲ್ಲ.

ಅವರಿಗೆ ಗೊತ್ತಿಲ್ಲದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ಅವರ ಹಾಗೆಯೇ ಆಗುತ್ತೀರಿ. ಆ ಕೋಲುಗಳು ಬೊತ್ತಲ್ಲ. ರಸ್ತೆ ಅಗಲ ಮಾಡಲು ಸರ್ವೆಯವರು ಎರಡು ದಿನದ ಹಿಂದೆ ಗುರುತಿಗೆ ಹೊಡೆದುಹೋದ ಗೂಟಗಳು. ಬಿಚ್ಚದ ಕಾಗದದಲ್ಲಿ ಇದ್ದ ವಿಷಯ ಅದೇ. ಸಂಕ್ರಮಣದ ಮುನ್ನಾದಿನ ಬೋಜಮ್ಮ ತಮ್ಮ ಗದ್ದೆಗೆ ಬೊತ್ತು ನೆಡಿಸಲು ಬಂದಾಗ ಇವು ಬೋಳು ತಲೆಯಲ್ಲಿ ನಿಂತಿದ್ದವು. ಎಪ್ಪತ್ತೆಂಟು ವರ್ಷದ ಬೋಜಮ್ಮನಿಗೆ ಕಣ್ಣಿಗಿಂತ ಭಕ್ತಿ ಚುರುಕು. ಯಾವನೋ ಸೋಮಾರಿ ಕೋಲು ನೆಟ್ಟು ಬಳ್ಳಿ ಕಟ್ಟದೆ ಹೋಗಿದ್ದಾನೆ, ಬೊತ್ತನ್ನು ಹಾಗೆ ಬರಿದಲೆಯಲ್ಲಿ ನಿಲ್ಲಿಸಬಾರದು ಎಂದು ತೋಟದ ಆಳು ಬೀರನಿಂದ ಅಷ್ಟಕ್ಕೂ ಸಿಂಬಿ ಹಾಕಿಸಿದರು. ತುದಿಗೆ ಕೆಂಪು ಬಣ್ಣ ಉಂಟಲ್ಲ ಅಮ್ಮ ಎಂದು ಬೀರ ಅಂದ. ಕುಂಕುಮ ಹಚ್ಚಿದ್ದಾರೆ, ಅಷ್ಟಾದರೂ ಬುದ್ಧಿ ಇತ್ತಲ್ಲ ಎಂದರು ಬೋಜಮ್ಮ.

ಶಿವಶಂಕರಪ್ಪ ಮೇಡಂಗೆ ಫೋನು ಮಾಡಿದರು. ಬೊತ್ತು ಅಂದರೇನೆಂದು ವಿವರಿಸುವಷ್ಟರಲ್ಲಿ ಅವರ ಫೋನಿನ ಚಾರ್ಜು ಅರ್ಧ ಇಳಿಯಿತು. ಮೇಡಂ ಮೈಸೂರಿನ ಕಡೆಯವರು, ಕೋಲಿಗೆ ದೋಸೆ ಯಾಕೆ ಅನ್ನುವಲ್ಲಿಗೇ ಅವರು ಸಿಕ್ಕಿಕೊಂಡಿದ್ದರು.

“ಇದು ಧಾರ್ಮಿಕವೋ, ಅಲ್ಲವೋ? ಅಷ್ಟು ಹೇಳಿ ಶಿವಶಂಕರಪ್ಪ.”

ಬೇರೆ ಯಾರೇ ಆಗಿದ್ದರೂ ಇಲ್ಲಿ ಆ ಮೂರನೆಯ ಉತ್ತರ ಕೊಟ್ಟು ಪಾರಾಗುತ್ತಿದ್ದರು. ನಮ್ಮವರಿಗೆ ಅದು ಬಾಯಿಗೆ ಬರಬೇಕಲ್ಲ.

“ಅರ್ಧ ಧಾರ್ಮಿಕ ಮೇಡಂ.”

“ಯಾವ ಅರ್ಧ?”

ಶಿವಶಂಕರಪ್ಪ ಬೊತ್ತನ್ನು ಬುಡದಿಂದ ತುದಿಯವರೆಗೆ ನೋಡಿದರು. “ಮೇಲಿನ ಅರ್ಧ,” ಎಂದರು.

ಮೇಡಂ, ಸಂಜೆಯೊಳಗೆ ಎರಡೂ ಅರ್ಧ ರಸ್ತೆಯಲ್ಲಿ ಇರಬಾರದು, ಆದರೆ ಯಾರ ಮನಸ್ಸೂ ನೋಯಬಾರದು ಎಂದು ಹೇಳಿ ಫೋನಿಟ್ಟರು.

ಎದುರಿಗೇ ನಿಂಗಮ್ಮನ ಹೋಟೆಲು. ಅಲ್ಲಿ ಕೂತಿದ್ದ ನಾಲ್ಕು ಜನರಿಗೆ ಆ ದಿನ ಬೇರೆ ಕೆಲಸವಿರಲಿಲ್ಲ. ಬೊತ್ತು ಅಲಂಕಾರವೇ ಅಲ್ಲ, ಅದು ಕಾವಲು, ಪಂಚಾಯಿತಿ ಗೇಟಿನ ವಾಚ್‌ಮನ್‌ನನ್ನು ಹಬ್ಬ ಅಂತ ಕಿತ್ತು ಹಾಕುತ್ತೀರಾ ಎಂದು ಒಬ್ಬರು ಕೇಳಿದರು. ಹಾಗಾದರೆ ಬಸ್ ಸ್ಟ್ಯಾಂಡಿನ ನಕ್ಷತ್ರವೂ ಬೆಳಕಿನ ವ್ಯವಸ್ಥೆಯೇ, ಅದನ್ನೇಕೆ ಬಿಚ್ಚಿದಿರಿ ಎಂದು ಇನ್ನೊಬ್ಬರು. ಅದು ಧರ್ಮವಲ್ಲ, ಬೇಸಾಯ, ಕೃಷಿ ಇಲಾಖೆಗೆ ಬರೆಯಿರಿ ಎಂದು ಮತ್ತೊಬ್ಬರು. ಶಿವಶಂಕರಪ್ಪ ಒಬ್ಬೊಬ್ಬರಿಗೂ ಅದು ನನಗೆ ಗೊತ್ತು ಎನ್ನುತ್ತ ಬಂದರು. ಹೀಗೆ ಹತ್ತು ನಿಮಿಷದಲ್ಲಿ ಅವರಿಗೆ ಗೊತ್ತಿದ್ದ ಸಂಗತಿಗಳು ಒಂದಕ್ಕೊಂದು ತದ್ವಿರುದ್ಧವಾಗಿ, ತಲೆ ಕಲಸಿದ ಅಕ್ಕಿರೊಟ್ಟಿ ಹಿಟ್ಟಾಯಿತು.

ಕೊನೆಗೆ ಅವರು ದೋಸೆಯ ವಿಷಯ ಎತ್ತಿದರು. ನೈವೇದ್ಯವಾದರೆ ಮುಟ್ಟುವುದು ಹೇಗೆ? ಅಲಂಕಾರವಾದರೆ ಬಿಡುವುದು ಹೇಗೆ? ನಿಂಗಮ್ಮ ಇಪ್ಪತ್ತು ವರ್ಷ ದೋಸೆ ಹುಯ್ದವಳು. ಕಾವಲಿಯಿಂದ ತಲೆ ಎತ್ತದೆ ತೀರ್ಪು ಕೊಟ್ಟಳು.

“ದೋಸೆ ಎಂತ ಅಲಂಕಾರ ಸಾರ್? ದೋಸೆ ಅಂದ್ರೆ ತಿಂಡಿ.”

ಇದೊಂದು ಮಾತು ಶಿವಶಂಕರಪ್ಪನವರಿಗೆ ಸರಿಯಾಗಿ ಅರ್ಥವಾಯಿತು. ಅವರು ಎದ್ದು ಬೋಜಮ್ಮನ ಮನೆಗೆ ಹೋದರು. ಬೋಜಮ್ಮ ಕಾವೇರಮ್ಮನ ಹೆಸರಿನ ಕನ್ನಿ ಪೂಜೆ ಮುಗಿಸಿ, ಬಂದ ನೆಂಟರಿಗೆ ಕುಂಬಳಕಾಯಿ ಪಲ್ಯ ಬಡಿಸುತ್ತಿದ್ದರು. ಬೊತ್ತುಗಳನ್ನು ಕೀಳುವುದಿಲ್ಲ, ಮರ್ಯಾದೆಯಿಂದ ರಸ್ತೆಯಂಚಿನಿಂದ ಎತ್ತಿ ನಿಮ್ಮ ಗದ್ದೆಯೊಳಗೆ ನೆಡುತ್ತೇನೆ, ಆಗದೇ ಎಂದು ಕೇಳಿದರು. ಬೋಜಮ್ಮನಿಗೆ ಸಂತೋಷವೇ ಆಯಿತು. ಗದ್ದೆಗೆ ಎಷ್ಟು ಬೊತ್ತಿದ್ದರೂ ಒಳ್ಳೆಯದೇ, ಪೈರು ಕದಿರು ಹೊಡೆಯುವ ಸಮಯ ಬೇರೆ ಎಂದರು. ಬೀರನನ್ನು ಜೊತೆಗೆ ಕಳಿಸಿದರು. ದೋಸೆಯನ್ನೂ ಪಲ್ಯವನ್ನೂ ತಿನ್ನಿಸಿಯೇ ಬಿಟ್ಟರು.

ಆಮೇಲೆ ಶಿವಶಂಕರಪ್ಪ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಹದಿನಾಲ್ಕು ಗೂಟಗಳನ್ನೂ ಕೈಮುಗಿದು ಕಿತ್ತರು. ಹನ್ನೆರಡು ಹೆಜ್ಜೆ ಒಳಗೆ, ಗದ್ದೆಯ ಬದುವಿನಾಚೆ, ಅದೇ ಸಾಲಿನಲ್ಲಿ ಅದೇ ಅಂತರದಲ್ಲಿ ನೆಟ್ಟರು. ಕೆಲಸ ಅಂದರೆ ಕೆಲಸ, ದಾರ ಹಿಡಿದು ನೇರ ನೋಡಿದರು. ದೋಸೆಗಳನ್ನು ಮಾತ್ರ ಒಯ್ಯಲಿಲ್ಲ. ಸುತ್ತೋಲೆಯಲ್ಲಿ ತಿಂಡಿಯ ಮಾತಿರಲಿಲ್ಲ. ಗೂಟ ಕಿತ್ತ ಗುಳಿಯ ಮೇಲೇ ಎಲೆಸಮೇತ ಇಟ್ಟು, ಗಾಳಿಗೆ ಹಾರದಿರಲೆಂದು ಒಂದೊಂದು ಎಲೆಯ ಅಂಚಿಗೂ ಒಂದೊಂದು ಕಲ್ಲು ಹೇರಿದರು. ಅವರು ಬೆನ್ನು ತಿರುಗಿಸುವುದಕ್ಕೇ ಕಾದಿದ್ದ ಕಾಗೆಗಳು ದೋಸೆಯ ವಿಲೇವಾರಿ ಮಾಡಿದವು. ಸಂಜೆ ನಾಲ್ಕೂವರೆಗೆ ಕಿಟಕಿ ಕಟ್ಟೆಯ ಮೇಲೆ ವರದಿ ತಯಾರಾಯಿತು: ಸಾರ್ವಜನಿಕ ಆಸ್ತಿಯ ಮೇಲೆ ಅಲಂಕಾರ ಏನೂ ಇಲ್ಲ, ಇದ್ದ ಹದಿನಾಲ್ಕನ್ನು ಕೆಳಗೆ ಸಹಿ ಮಾಡಿದವನು ಖುದ್ದಾಗಿ ಸ್ಥಳಾಂತರಿಸಿರುತ್ತಾನೆ. ಮೇಡಂ ಅದನ್ನು ಓದಿ ಭೇಷ್ ಎಂದರು. ಮನೆಯಲ್ಲಿ ಕಾಂತಮ್ಮ ಭಾನುವಾರವಲ್ಲದಿದ್ದರೂ ಮೇಜುಬಟ್ಟೆ ಹೊರತೆಗೆದು ಇಸ್ತ್ರಿ ಮಾಡಿದರು.

ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಜೆಸಿಬಿ ಬಂತು.

ಅದರ ಹಿಂದೆ ಜೀಪಿನಲ್ಲಿ ಸರ್ವೆಯರ್ ಕೀರ್ತಿಕುಮಾರ್ ಬಂದ. ಗೂಟದ ಸಾಲು ನೋಡಿದ, ಸಾಲು ಗದ್ದೆಯೊಳಗಿತ್ತು. ತನ್ನ ಸಹಾಯಕರು ಇಷ್ಟು ಒಳಗೆ ಯಾಕೆ ಹೊಡೆದರು ಎಂದು ತಲೆ ಕೆರೆದುಕೊಂಡ. ಆದರೆ ಸರ್ಕಾರದ ಕೆಲಸದಲ್ಲಿ ಗೂಟವನ್ನು ನಂಬಬೇಕು, ತಲೆಯನ್ನಲ್ಲ. ಮಾರ್ಕ್ ಇದ್ದಲ್ಲಿಗೆ ಅಗೆಯಪ್ಪ ಎಂದ. ಜೆಸಿಬಿ ಡ್ರೈವರ್ ಧರ್ಮೇಂದ್ರ ಬದುವಿನವರೆಗೆ ಬಂದು, ಕದಿರು ಹೊಡೆದು ನಿಂತ ಪೈರನ್ನೂ, ಸಿಂಬಿ ಹೊತ್ತ ಗೂಟಗಳನ್ನೂ ನೋಡಿ ಎಂಜಿನ್ ಆಫ್ ಮಾಡಿಬಿಟ್ಟ. ಇದಕ್ಕೆ ಬಕೆಟ್ ಹಾಕಲು ನನ್ನ ಕೈ ಬರುವುದಿಲ್ಲ, ಬೇಕಾದರೆ ನೀವೇ ಹತ್ತಿ ಓಡಿಸಿ ಎಂದ.

ಅಷ್ಟರಲ್ಲಿ ಬೀರ ತಂದಿಟ್ಟ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬೋಜಮ್ಮ ಜೆಸಿಬಿಯ ಎದುರಿಗೇ ಕೂತಾಗಿತ್ತು. ನಿಂಗಮ್ಮನ ಹೋಟೆಲು ಖಾಲಿಯಾಗಿ ರಸ್ತೆ ತುಂಬಿತು. ಮೇಡಂ ಬಂದರು. ಶಿವಶಂಕರಪ್ಪನವರೂ ಬಂದು ಯಾಕೋ ಏನೋ ಎಂದು ಗುಂಪಿನ ಹಿಂದೆ ನಿಂತರು.

“ಸರ್ಕಾರದ ರಸ್ತೆಗೆ ನನ್ನ ಗದ್ದೆಯಲ್ಲಿ ಎಂತ ಕೆಲಸ?” ಎಂದು ಬೋಜಮ್ಮ ಕೇಳಿದರು.

“ನಮ್ಮ ಗೂಟ ಇಲ್ಲೇ ಇದೆಯಲ್ಲಮ್ಮ.”

“ಗೂಟ ಅಲ್ಲ ಅದು, ಬೊತ್ತು.”

“ಬೊತ್ತೋ ಗಿತ್ತೋ, ಅದರ ಮೇಲೆ ನಮ್ಮ ನಂಬರ್ ಇದೆ,” ಎಂದು ಕೀರ್ತಿಕುಮಾರ್ ಒಂದರ ಸಿಂಬಿಯನ್ನು ಮೇಲೆತ್ತಿ ತೋರಿಸಿದ. ಕೆಂಪು ಬಣ್ಣದ ಕೆಳಗೆ ಏಳು ಎಂದು ಬರೆದಿತ್ತು. ಬೋಜಮ್ಮ ಕನ್ನಡಕ ಒರೆಸಿ ನೋಡಿದರು. ಬೀರ ಬೇರೆ ಕಡೆ ನೋಡಿದ. ಈಗ ಅಲ್ಲಿದ್ದವರಲ್ಲಿ ಅರ್ಧ ಜನ ಅದು ಸರ್ಕಾರದ್ದೆಂದೂ ಅರ್ಧ ಜನ ಕಾವೇರಮ್ಮನದೆಂದೂ ವಾದಿಸತೊಡಗಿದರು. ಮೇಡಂ ಮಾತ್ರ ಗೂಟವನ್ನೇ ನೋಡುತ್ತ, ಮೇಲಿನ ಅರ್ಧ, ಮೇಲಿನ ಅರ್ಧ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ಕೀರ್ತಿಕುಮಾರನಿಗೆ ಈಗ ಹೊಳೆಯಿತು. ಸರ್ವೆ ಗೂಟ ಕಿತ್ತು ಬೇರೆ ಕಡೆ ನೆಡುವುದು ಕೇಸಾಗುವ ವಿಷಯ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಕಿತ್ತವರು ಯಾರೆಂದು ಗೊತ್ತಾಗದಿದ್ದರೆ ಗೂಟ ಇದ್ದಲ್ಲೇ ರಸ್ತೆ, ಮೇಲಿನವರಿಗೆ ಬರೆದು ಉತ್ತರ ಬರುವ ಹೊತ್ತಿಗೆ ಡಾಂಬರು ಬಿದ್ದಿರುತ್ತದೆ ಎಂದ. ಆಮೇಲೆ ಬೋಜಮ್ಮನ ಕಡೆ ತಿರುಗಿದ.

“ಕಿತ್ತಿದ್ದು ಯಾರು ಅಂತ ನಿಮಗೆ ಗೊತ್ತಿರಬೇಕಲ್ಲಮ್ಮ?”

ಬೋಜಮ್ಮ ಗುಂಪಿನ ಹಿಂದೆ ನಿಂತಿದ್ದ ಶಿವಶಂಕರಪ್ಪನವರನ್ನು ಒಮ್ಮೆ ನೋಡಿದರು. ನಿನ್ನೆ ತಮ್ಮ ಕೈಯಿಂದಲೇ ಪಲ್ಯ ಬಡಿಸಿಕೊಂಡವರು. ಬಡ್ತಿಯ ಸುದ್ದಿ, ಮೇಜಿನ ಸುದ್ದಿ, ನವಿಲಿನ ಸುದ್ದಿ ಊರಿಗೆಲ್ಲ ಗೊತ್ತಿದ್ದದ್ದೇ. ಬೋಜಮ್ಮ ಮುಖ ಗದ್ದೆಯ ಕಡೆಗೆ ತಿರುಗಿಸಿಕೊಂಡರು.

“ನನಗೆ ಗೊತ್ತಿಲ್ಲ,” ಎಂದರು.

ಇಷ್ಟು ಸಣ್ಣ ಮಾತನ್ನು, ಇಷ್ಟು ದೊಡ್ಡ ಗದ್ದೆಯನ್ನು ಪಣಕ್ಕಿಟ್ಟು, ಇಷ್ಟು ಸಲೀಸಾಗಿ ಯಾರಾದರೂ ಹೇಳಬಹುದೆಂದು ಶಿವಶಂಕರಪ್ಪನವರಿಗೆ ಅನ್ನಿಸಿರಲೇ ಇಲ್ಲ. ಗುಂಪನ್ನು ಸರಿಸಿಕೊಂಡು ಮುಂದೆ ಬಂದರು. ಮೇಜು ಕಣ್ಣಮುಂದೆ ಬಂತು, ಡ್ರಾಯರ್ ಬಂತು, ಎರಡೂ ನವಿಲು ಬಂದವು.

“ನಾನು ಸಾರ್. ನಾನೇ ಕಿತ್ತು ನೆಟ್ಟಿದ್ದು. ಅದು ಏನು ಅಂತ ನನಗೆ...” ಎಂದು ನಿಂತರು. ಇಪ್ಪತ್ತೆರಡು ವರ್ಷ ಬೀಗ ಹಾಕಿಟ್ಟ ಬಾಗಿಲು, ಕಿರುಗುಟ್ಟದೆ ತೆರೆಯುತ್ತದೆಯೇ? “ನನಗೆ ಗೊತ್ತಿರ್ಲಿಲ್ಲ ಸಾರ್. ಕಾಗದನೂ ಓದಿರ್ಲಿಲ್ಲ. ಗೊತ್ತು ಅಂತ ಮೇಡಂಗೆ ಸುಳ್ಳು ಹೇಳ್ದೆ.”

ಹೋಟೆಲಿನ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಿಲ್ ಕಲೆಕ್ಟರಿಗೆ ಗೊತ್ತಿಲ್ಲದ ವಿಷಯವೊಂದು ಕರಡಿಮೊಟ್ಟೆಯಲ್ಲಿ ಇದೆ ಅನ್ನುವುದೇ ಅವರಿಗೆ ಗೂಟಕ್ಕಿಂತ ದೊಡ್ಡ ಸುದ್ದಿಯಾಗಿತ್ತು.

ಕೀರ್ತಿಕುಮಾರ್ ಬೈಯಲು ಬಾಯಿ ತೆರೆದವನು ಬೈಯಲಿಲ್ಲ. ಬೈದು ಪ್ರಯೋಜನವೇನು, ಗೂಟಗಳು ಮೊದಲು ಎಲ್ಲಿದ್ದವು ಅನ್ನುವುದಾದರೂ ಗೊತ್ತಾ ಎಂದ. ಅದು ಮಾತ್ರ ಶಿವಶಂಕರಪ್ಪನವರಿಗೆ ನಿಜವಾಗಿಯೂ ಗೊತ್ತಿತ್ತು. ರಸ್ತೆಯಂಚಿಗೆ ಕರೆದುಕೊಂಡು ಹೋಗಿ ತೋರಿಸಿದರು. ಹದಿನಾಲ್ಕು ಕಲ್ಲು, ಹದಿನಾಲ್ಕು ಬಾಡಿದ ಬಾಳೆಲೆ, ಪ್ರತಿಯೊಂದರ ಕೆಳಗೂ ಗೂಟದ ಗುಳಿ. ಕೀರ್ತಿಕುಮಾರ್ ಟೇಪು ಹಿಡಿದು, ನಕ್ಷೆ ಹರಡಿ ಎರಡು ಸಲ ಅಳೆದ. ಒಂದಿಂಚೂ ಆಚೀಚೆ ಇರಲಿಲ್ಲ. ಆ ದಿನದ ಮಹಜರಿನಲ್ಲಿ ಅವನು ಗುರುತಿನ ಆಧಾರ ಎಂಬಲ್ಲಿ ಬೇರೆ ಏನೂ ತೋಚದೆ ‘ದೋಸೆ ಎಲೆ’ ಎಂದೇ ಬರೆದ. ಅದು ಈಗಲೂ ಕಡತದಲ್ಲಿದೆ. ಗದ್ದೆ ಬೋಜಮ್ಮನಿಗೆ ಉಳಿಯಿತು.

ಗೂಟಗಳನ್ನು ಹಿಂದಕ್ಕೆ ನೆಡುವಾಗ ಸಿಂಬಿ ಬಿಚ್ಚಿಸಲೇ ಎಂದು ಮೇಡಂ ಕೇಳಿದರು. ಬಿಚ್ಚಬೇಡಿ ಎಂದು ಅಡ್ಡ ಬಂದವನು ಕೀರ್ತಿಕುಮಾರನೇ. ಈ ರಸ್ತೆಯಲ್ಲಿ ಎಲ್ಲೆಲ್ಲಿ ಗೂಟ ಹೊಡೆದರೂ ಮಾರನೇ ದಿನಕ್ಕೆ ಅರ್ಧಕ್ಕರ್ಧ ಮಾಯ, ಸೌದೆಗೆ ಒಬ್ಬ, ಬದನೆಗಿಡಕ್ಕೆ ಊರುಗೋಲೆಂದು ಇನ್ನೊಬ್ಬ. ಬಳ್ಳಿ ಸುತ್ತಿದ ಈ ಹದಿನಾಲ್ಕನ್ನು ಮಾತ್ರ, ಶಿವಶಂಕರಪ್ಪನವರನ್ನು ಬಿಟ್ಟು, ಒಂದು ನರಪಿಳ್ಳೆಯೂ ಮುಟ್ಟಿರಲಿಲ್ಲ. ಮೂರ್ನಾಡಿನವರೆಗಿನ ಉಳಿದ ಗೂಟಗಳಿಗೂ ಸಿಂಬಿ ಹಾಕಿಸಿಕೊಡುತ್ತೀರಾ ಎಂದು ಅವನು ಬೋಜಮ್ಮನನ್ನು ವಿನಯದಿಂದ ಕೇಳಿದ. ಬೀರನಿಗೆ ಒಂದು ವಾರ ಅದೇ ಕೆಲಸವಾಯಿತು. ಹೀಗೆ ಧಾರ್ಮಿಕ ಅಲಂಕಾರ ಇರಕೂಡದ ಸರ್ಕಾರಿ ಜಾಗದಲ್ಲಿ ಸರ್ಕಾರವೇ ಮೂರು ಮೈಲಿ ಬೊತ್ತು ನಿಲ್ಲಿಸಿತು. ಮೇಡಂ ಹೊಸ ವರದಿ ಬರೆಯಲು ಕೂತು, ಎರಡು ಹಾಳೆ ಹರಿದು, ಕೊನೆಗೆ ತಾಲೂಕಿಗೆ ‘ಪರಿಶೀಲನೆಯಲ್ಲಿದೆ’ ಎಂದು ಕಳಿಸಿ ಕೈತೊಳೆದುಕೊಂಡರು.

ಶಿವಶಂಕರಪ್ಪ ಶಿಫಾರಸಿನ ಆಸೆ ಬಿಟ್ಟಿದ್ದರು. ಮೇಜುಬಟ್ಟೆಯನ್ನು ಯಾರಿಗಾದರೂ ಮದುವೆ ಉಡುಗೊರೆಗೆ ಕೊಡು ಎಂದು ಕಾಂತಮ್ಮನಿಗೆ ಹೇಳಿಯೂ ಆಗಿತ್ತು. ಕಾಂತಮ್ಮ ಕೊಡಲಿಲ್ಲ, ಪೆಟ್ಟಿಗೆಯ ತಳಕ್ಕೆ ಹಾಕಿದರು. ಆದರೆ ಮೇಡಂ ಶಿಫಾರಸು ಬರೆದಿದ್ದರು. ಈ ನೌಕರರು ತಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಎಲ್ಲರ ಎದುರಿಗೆ ಒಪ್ಪಿಕೊಳ್ಳಬಲ್ಲವರು, ಇಲಾಖೆಯಲ್ಲಿ ಇಂಥವರು ನನಗೆ ಬೇರೆ ಸಿಕ್ಕಿಲ್ಲ ಎಂಬುದು ಅದರ ಒಟ್ಟು ಸಾರ. ಹತ್ತು ತಿಂಗಳಿಗೆ ಆದೇಶ ಬಂತು. ಅದೇ ಪಂಚಾಯಿತಿ, ಕಿಟಕಿಯ ಪಕ್ಕ, ಡ್ರಾಯರ್ ಇರುವ ಮೇಜು. ಕಾಂತಮ್ಮ ತಾವೇ ಬಂದು ನವಿಲುಗಳನ್ನು ಹರಡಿ, ಸುಕ್ಕು ತೀಡಿ ಹೋದರು.

ಮುಂದಿನ ಸಂಕ್ರಮಣದ ಬೆಳಿಗ್ಗೆ ಶಿವಶಂಕರಪ್ಪ ಕಚೇರಿಯ ಬಾಗಿಲು ತೆರೆದಾಗ ಮೇಜಿನ ಮೇಲೆ, ಎರಡು ನವಿಲುಗಳ ನಡುವೆ, ಒಂದು ಪುಟ್ಟ ಬೊತ್ತು ನಿಂತಿತ್ತು. ಪೆನ್ನಿನ ಸ್ಟ್ಯಾಂಡಿಗೆ ಸಿಕ್ಕಿಸಿದ ಕೋಲು, ಅದಕ್ಕೆ ಹಸಿ ಬಳ್ಳಿಯ ಸಿಂಬಿ. ಪಕ್ಕದಲ್ಲಿ ಬಾಳೆಲೆಯಲ್ಲಿ ದೋಸೆ, ಕುಂಬಳಕಾಯಿ ಪಲ್ಯ. ಕಿಟಕಿಯಾಚೆ ಬೀರ ಗೇಟು ದಾಟಿ ಹೋಗುತ್ತಿದ್ದ.

ಶಿವಶಂಕರಪ್ಪ ಕುರ್ಚಿ ಎಳೆದು ಕೂತರು. ಮೇಜು ಸಾರ್ವಜನಿಕ ಆಸ್ತಿ, ಅದರಲ್ಲಿ ಅನುಮಾನವಿಲ್ಲ. ಡ್ರಾಯರಿನಲ್ಲಿ ಈ ವರ್ಷದ ಸುತ್ತೋಲೆಯೂ ಇತ್ತು, ಈ ಸಲ ಅವರು ಅದನ್ನು ಎರಡು ಸಲ ಓದಿದ್ದರು. ಮೊದಲು ತಿಂಡಿ ಮುಗಿಸೋಣವೆಂದು ದೋಸೆ ಮುರಿದು ಬಾಯಿಗಿಡುವಾಗ ಫೋನು ಬಂತು. ಮೇಡಂ ತಾಲೂಕಿನ ಮೀಟಿಂಗಿನಲ್ಲಿದ್ದರು. ನಮ್ಮ ಕಚೇರಿಯೊಳಗೆ ಹಬ್ಬದ ಅಲಂಕಾರ ಏನಾದರೂ ಉಂಟಾ ಎಂದು ಸಾಹೇಬರು ಕೇಳುತ್ತಿದ್ದಾರೆ, ಬೇಗ ಹೇಳಿ ಎಂದರು.

ಶಿವಶಂಕರಪ್ಪ ಬೊತ್ತನ್ನು ನೋಡಿದರು. ಬುಡದಿಂದ ತುದಿಯವರೆಗೆ ನೋಡಿದರು. ಆಮೇಲೆ ಬೋಜಮ್ಮನ ಹಾಗೆಯೇ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು.

“ನನಗೆ ಗೊತ್ತಿಲ್ಲ ಮೇಡಂ,” ಎಂದು ಹೇಳಿ ಪಲ್ಯಕ್ಕೆ ಕೈಹಾಕಿದರು.